ಹೈ ಮೌಂಟನ್ ಊಲಾಂಗ್

ತೈವಾನಿನಲ್ಲಿ ಸಮುದ್ರಮಟ್ಟಕ್ಕಿಂತ 1000 ಮೀಟರ್‌ಗೂ ಎತ್ತರದ ತೋಟಗಳಲ್ಲಿ ಬೆಳೆಯುವ ಊಲಾಂಗ್ ಚಹಾಕ್ಕೆ ಈ ಹೆಸರು. ಅಲ್ಲಿನವರು ಗಾವ್‌ಶಾನ್ ಚಾ ಅಂತಾರೆ. ಆಲಿಶಾನ್, ಶಾನ್‌ಲಿನ್‌ಶಿ, ಲಿಶಾನ್, ದಾಯುಲಿಂಗ್ ಇದಕ್ಕೆ ಹೆಸರಾದ ಜಾಗಗಳು. ಲಿಶಾನ್, ದಾಯುಲಿಂಗ್ ಕಡೆ 2000 ಮೀಟರ್ ದಾಟಿದ ತೋಟಗಳೂ ಇವೆ.

ಊಲಾಂಗ್ ಗ್ರೀನ್ ಟೀಗೂ ಬ್ಲ್ಯಾಕ್ ಟೀಗೂ ನಡುವಿನದು. ಕಿತ್ತ ಎಲೆಯನ್ನು ಬಿಸಿಲಲ್ಲಿ ಬಾಡಿಸಿ, ಆಮೇಲೆ ಒಳಗೆ ಬಿದಿರಿನ ತಟ್ಟೆಗಳಲ್ಲಿ ಹರಡಿ ಆಗಾಗ ಕೈಯಾಡಿಸುತ್ತಾರೆ. ಅಂಚು ಜಜ್ಜಿದ ಕಡೆ ಗಾಳಿ ತಾಗಿ ಎಲೆ ಕೆಂಪಾಗತೊಡಗುತ್ತದೆ, ಪರಿಮಳ ಏಳುತ್ತದೆ. ಹದ ಬಂದಾಗ ಬಿಸಿ ಮಾಡಿ ನಿಲ್ಲಿಸಬೇಕು. ಬೆಟ್ಟದ ಊಲಾಂಗಿನಲ್ಲಿ ಸಾಮಾನ್ಯವಾಗಿ ಬೇಗನೆ ನಿಲ್ಲಿಸುವುದರಿಂದ ಎಲೆಯ ಹಸಿರು ಉಳಿದಿರುತ್ತದೆ. ಆಮೇಲೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಮತ್ತೆ ಮತ್ತೆ ಹೊರಳಿಸಿದರೆ ಎಲೆ ಸುತ್ತಿಕೊಂಡು ಕಡಲೆಕಾಳಿನಂಥ ಉಂಡೆಯಾಗುತ್ತದೆ.

ಎತ್ತರದಿಂದ ರುಚಿಗೆ ಏನು ಲಾಭ? ಅಲ್ಲಿ ಚಳಿ ಜಾಸ್ತಿ, ಮಂಜು ಕವಿದು ಬಿಸಿಲು ಕಡಿಮೆ. ಚಿಗುರು ನಿಧಾನವಾಗಿ ಬರುತ್ತದೆ, ಎಲೆ ದಪ್ಪವಾಗುತ್ತದೆ. ಒಗರು ತರುವ ಕ್ಯಾಟೆಚಿನ್ ಕಡಿಮೆಯಾಗಿ, ಸಿಹಿ ಮತ್ತು ನುಣುಪು ಕೊಡುವ ಅಮೈನೋ ಆಮ್ಲಗಳು ಹೆಚ್ಚು ಉಳಿಯುತ್ತವೆ. ಕುಡಿದಾಗ ಹೂವಿನ ಘಮ, ಬಾಯಿಗೆ ನುಣ್ಣಗೆ. ನುಂಗಿ ಸ್ವಲ್ಪ ಹೊತ್ತಾದ ಮೇಲೆ ಗಂಟಲಲ್ಲಿ ಸಿಹಿ ಮೇಲೆದ್ದು ಬರುತ್ತದಲ್ವಾ, ಅದೇ ಇದರ ನಿಜವಾದ ಗುರುತು. ಅದಕ್ಕೆ ಹುಯ್‌ಗಾನ್ ಅನ್ನುತ್ತಾರೆ. ಹೆಚ್ಚು ಬೆಳೆಯುವ ತಳಿ ಚಿಂಗ್‌ಶಿನ್. 1981ರಲ್ಲಿ ಬಿಡುಗಡೆಯಾದ ಜಿನ್‌ಶುವಾನ್ ತಳಿಗೆ ಹಾಲಿನ ನಸು ಪರಿಮಳ ಹುಟ್ಟಿನಿಂದಲೇ ಇದೆ. ಆ ವಾಸನೆ ಮೂಗಿಗೆ ರಾಚುವಷ್ಟಿದ್ದರೆ ಮಾತ್ರ ಮೇಲಿಂದ ಸೇರಿಸಿದ್ದಾರೆ ಅಂತ ಅನುಮಾನಿಸಬೇಕು.

ಎಲೆ ಹಸಿರಾಗಿದೆ ಅಂತ ಗ್ರೀನ್ ಟೀ ಹಾಗೆ ಬೆಚ್ಚನೆಯ ನೀರು ಹಾಕುವವರು ಬಹಳ. ಹಾಗೆ ಮಾಡಿದರೆ ಉಂಡೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಚಹಾ ಸಪ್ಪೆಯಾಗುತ್ತದೆ. ಇದಕ್ಕೆ 95ರಿಂದ 100 ಡಿಗ್ರಿ, ಅಂದರೆ ಆಗಷ್ಟೇ ಕುದಿದ ನೀರೇ ಬೇಕು. 100 ಮಿ.ಲೀ. ಹಿಡಿಸುವ ಮುಚ್ಚಳದ ಬಟ್ಟಲಿಗೆ 5–6 ಗ್ರಾಂ ಚಹಾ ಸಾಕು. ಮೊದಲು ಬಿಸಿನೀರಲ್ಲಿ ಬಟ್ಟಲನ್ನು ಬೆಚ್ಚಗೆ ಮಾಡಿ. ನೀರು ಚೆಲ್ಲಿ, ಒಣ ಚಹಾ ಹಾಕಿ, ಮುಚ್ಚಿ ಒಮ್ಮೆ ಅಲುಗಿಸಿ. ಮುಚ್ಚಳ ತೆಗೆದು ಮೂಸಿ ನೋಡಿ, ಇದನ್ನು ಮಾತ್ರ ಬಿಡಬೇಡಿ! ಆಮೇಲೆ ನೀರು ಹುಯ್ದು ಸುಮಾರು 50 ಸೆಕೆಂಡಿಗೆ ಪೂರ್ತಿ ಬಸಿಯಿರಿ. ತಳದಲ್ಲಿ ನೀರು ಉಳಿದರೆ ಮುಂದಿನ ಸಲ ಒಗರಾಗುತ್ತದೆ. ಎರಡನೇ ಸಲಕ್ಕೆ ಉಂಡೆ ಸಡಿಲವಾಗಿರುವುದರಿಂದ 30–40 ಸೆಕೆಂಡ್ ಸಾಕು. ಅಲ್ಲಿಂದ ಮುಂದೆ ಸಮಯ ಏರಿಸುತ್ತಾ ಹೋಗಿ. ಒಳ್ಳೆಯ ಚಹಾ ಐದಾರು ಸಲ ರುಚಿ ಕೊಡುತ್ತದೆ. ಕೊನೆಗೆ ಬಟ್ಟಲಲ್ಲಿ ಒಂದೇ ಕಡ್ಡಿಗೆ ಅಂಟಿದ ಎರಡು ಮೂರು ಇಡೀ ಎಲೆಗಳು ಕಾಣಬೇಕು. ಪುಡಿ, ಚೂರು ಕಂಡರೆ ಮಾಲು ಅಷ್ಟು ಒಳ್ಳೆಯದಲ್ಲ.

ದೊಡ್ಡ ಕಪ್ಪಿನಲ್ಲಿ ಮಾಡುವವರು 200 ಮಿ.ಲೀ. ನೀರಿಗೆ 3 ಗ್ರಾಂ ಹಾಕಿ ಮೂರು ನಾಲ್ಕು ನಿಮಿಷ ಬಿಡಬಹುದು. ಹಾಲು, ಸಕ್ಕರೆ ಬೇಡ, ಘಮವೆಲ್ಲ ಮುಚ್ಚಿಹೋಗುತ್ತದೆ. ಪೊಟ್ಟಣ ಒಡೆದ ಮೇಲೆ ಪರಿಮಳ ಬೇಗ ಇಳಿಯುವುದರಿಂದ ಸ್ವಲ್ಪ ಸ್ವಲ್ಪವೇ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಬೆಳಕು ಬೀಳದ ಕಡೆ ಇಡಿ.