ಟ್ಯಾರೋದಲ್ಲಿ ಬಂದ ರಾಣಿ ನಮ್ಮ ಅತ್ತೆನಾ?

ಪ್ರಶ್ನೆ: ಮನೆ ವಿಷಯಕ್ಕೆ ಟ್ಯಾರೋ (ಭವಿಷ್ಯ ಹೇಳುವ ಚಿತ್ರದ ಕಾರ್ಡು) ಓದಿಸಿದೆ. ಕ್ವೀನ್ ಆಫ್ ಸ್ವೋರ್ಡ್ಸ್, ಅಂದರೆ ಕತ್ತಿ ರಾಣಿ, ಬಂತು. "ಇದು ನಿಮ್ಮ ಅತ್ತೆ, ಒಳಗೊಳಗೇ ನಿಮ್ಮ ಮೇಲೆ ಹಗೆ ಇದೆ" ಎಂದರು ಓದಿದವರು. ಆಮೇಲಿಂದ ಅತ್ತೆ ಜೊತೆ ಮಾತಾಡಲೇ ಹೆದರಿಕೆ. ಕಾರ್ಡಿನಲ್ಲಿ ಬಂದವರು ಯಾರು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಗೊತ್ತಾಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಒಂದು ಮಾತು ಸಾಕು, ಮನೆಯವರ ನಡುವೆ ವರ್ಷಗಟ್ಟಲೆ ಮುನಿಸು ಉಳಿಯಲು.

ಟ್ಯಾರೋದಲ್ಲಿ 78 ಕಾರ್ಡುಗಳಿವೆ. ಅವುಗಳಲ್ಲಿ 16 ರಾಜಮನೆತನದ ಕಾರ್ಡುಗಳು: ನಾಲ್ಕು ಬಣ (ಕತ್ತಿ, ನಾಣ್ಯ, ಬಟ್ಟಲು, ಕೋಲು), ಪ್ರತಿ ಬಣಕ್ಕೂ ರಾಜ, ರಾಣಿ, ಕುದುರೆ ಸವಾರ, ಪೇಜ್ ಎಂಬ ಹುಡುಗ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಇವು ಇಸ್ಪೀಟಿನ ಹಾಗೆ ಆಡುವ ಎಲೆಗಳಾಗಿದ್ದವು. ಭವಿಷ್ಯ ಹೇಳುವ ರೂಢಿ ಜೋರಾಗಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಅತ್ತೆ, ನಾದಿನಿ, ಓರಗಿತ್ತಿ ಅಂತ ಯಾವ ಕಾರ್ಡೂ ಇಲ್ಲ. ಆ ಹೆಸರು ಇಡುವುದು ಓದುವವರು.

ಇವತ್ತು ಜಾಸ್ತಿ ಬಳಕೆಯಲ್ಲಿರುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಬಂದವು. ಬಿಡಿಸಿದವರು ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್, ಅವರಿಂದ ಬಿಡಿಸಿದ್ದು ಟ್ಯಾರೋ ಬಗ್ಗೆ ಪುಸ್ತಕ ಬರೆದ ಎ.ಇ. ವೇಟ್. ಕಾರ್ಡನ್ನು ವ್ಯಕ್ತಿಗೆ ಹೊಂದಿಸಲು ವೇಟ್ ಕೂದಲು, ಕಣ್ಣು, ಮೈಬಣ್ಣ ನೋಡಿ ಎಂದಿದ್ದರು. ಕತ್ತಿಯ ಬಣ ಕಂದು ಕೂದಲಿನವರಿಗೆ, ನಾಣ್ಯದ ಬಣ ಕಪ್ಪು ಕೂದಲು, ಕಪ್ಪು ಕಣ್ಣಿನವರಿಗೆ. ಆ ಲೆಕ್ಕ ಹಿಡಿದರೆ ನಮ್ಮ ಕಡೆಯ ಬಹುತೇಕ ಎಲ್ಲರೂ ನಾಣ್ಯದ ಬಣವೇ ಅಲ್ವಾ? ಇಂಗ್ಲೆಂಡಿನ ಮನೆಗಳಿಗೆ ಮಾಡಿದ ಅಳತೆ ಅದು.

ಹಗೆಯ ಮಾತಿಗೆ ಬರೋಣ. ನೆಟ್ಟಗೆ ಬಿದ್ದ ಕತ್ತಿ ರಾಣಿಗೆ ವೇಟ್ ಕೊಟ್ಟ ಅರ್ಥ ವೈಧವ್ಯ, ದುಃಖ, ಅಗಲಿಕೆ. ಕೇಡು ಬಯಸುವ ಅರ್ಥ ಬರುವುದು ತಲೆಕೆಳಗಾಗಿ ಬಿದ್ದಾಗ. ನಿಮಗೆ ಹೇಗೆ ಬಿದ್ದಿತ್ತು, ನೆನಪಿಸಿಕೊಳ್ಳಿ. ಚಿತ್ರವನ್ನೂ ಒಮ್ಮೆ ನಿಧಾನವಾಗಿ ನೋಡಿ. ರಾಣಿಯ ಬಲಗೈಯಲ್ಲಿ ಕತ್ತಿ ನೆಟ್ಟಗಿದೆ. ಎಡಗೈ ಮುಂದಕ್ಕೆ ಚಾಚಿದೆ, ಯಾರನ್ನೋ ಹತ್ತಿರ ಕರೆಯುವ ಹಾಗೆ. ನಿಮ್ಮ ಕಣ್ಣು ಮೊದಲು ಹೋಗಿದ್ದು ಕತ್ತಿಗೋ, ಕೈಗೋ? ಕತ್ತಿ ಮಾತ್ರ ಕಂಡಿದ್ದರೆ, ಆ ಮನೆಯಲ್ಲಿ ನಿಮಗೆ ಯಾವ ಮಾತು ಚುಚ್ಚಿತ್ತು ಎಂದು ಯೋಚಿಸಿ. ಟ್ಯಾರೋದಿಂದ ಸಿಗುವ ಸುಳಿವು ಇಷ್ಟೇ, ನಿಮ್ಮ ಮನಸ್ಸಿನದ್ದು. ಎದುರಿಗಿರುವವರ ಮನಸ್ಸು ಕಾರ್ಡಿಗೆ ಗೊತ್ತಿಲ್ಲ.

ಇನ್ನೊಮ್ಮೆ ಓದಿಸುವುದಾದರೆ "ಅತ್ತೆಗೆ ನನ್ನ ಮೇಲೆ ಏನಿದೆ" ಎಂದು ಕೇಳಬೇಡಿ. "ಅವರಿಗೆ ಹೇಳಬೇಕಾದ ಯಾವ ಮಾತನ್ನು ನಾನು ನುಂಗಿಕೊಂಡಿದ್ದೇನೆ" ಎಂದು ಕೇಳಿ. ಏನು ಹೊಳೆಯುತ್ತದೋ ಅದನ್ನು ಅವರ ಹತ್ತಿರವೇ ಮಾತಾಡಿ.

ಹೆದರಿಕೆಗೆ ಕಾರಣ ಬೈಗುಳ, ಹೊಡೆತ, ವರದಕ್ಷಿಣೆ ಕಾಟ ಆಗಿದ್ದರೆ ಮಾತ್ರ ಕಾರ್ಡು ಬದಿಗಿಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.