ಎಣಿಕೆ ಸರಿಯಿದೆ, ಹೆಸರು ಎಲ್ಲಿದೆ?

‘ಹಳೆಯದರಲ್ಲಿ ಎಷ್ಟು ಸಾಲುಗಳಿದ್ದವೋ ಹೊಸ ಡೇಟಾಬೇಸಿನಲ್ಲೂ ಅಷ್ಟೇ ಇವೆ ಸರ್, ಸಹಿ ಹಾಕಿಬಿಡೋಣವೇ?’ ಹಳೆಯ ಡೇಟಾಬೇಸಿನ ದಾಖಲೆಗಳನ್ನು ಹೊಸದಕ್ಕೆ ಸಾಗಿಸಿ, ಕೆಲಸ ಮುಗಿಯಿತೆಂದು ಸಹಿ ಹಾಕುವ ಹೊತ್ತಿನಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಶವಂತಪುರದ ಮಂಡಿಯಲ್ಲಿ ಮೂಟೆ ಎಣಿಸಿ ಸುಮ್ಮನಾಗುವ ವ್ಯಾಪಾರಿ ಇದ್ದಾನೆಯೇ? ಚುಚ್ಚಿ, ಒಂದು ಹಿಡಿ ಅಕ್ಕಿ ಹೊರತೆಗೆದು ನೋಡುತ್ತಾನೆ.

ಬಸವನಗುಡಿ ಕಡೆಯ ಒಂದು ಸಹಕಾರ ಸಂಘದಲ್ಲಿ ಸದಸ್ಯರ ಹೆಸರುಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿನ ಪಾಲಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಹಾಗೆಯೇ ಸಾಗಿಸಿದರೆ ಒಂದು ಸಾಲೂ ಕಳೆಯುವುದಿಲ್ಲ, ಒಂದು ಹೆಸರೂ ಓದಲು ಬರುವುದಿಲ್ಲ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಅದೇ ಕಾಲಂನಲ್ಲಿ ನಿಜವಾದ ಇಂಗ್ಲಿಷ್ ವಿಳಾಸವೂ ಇದ್ದರೆ ಅದನ್ನೂ ಕನ್ನಡವೆಂದುಕೊಂಡು ಕಲಸುಮೇಲೋಗರ ಮಾಡುತ್ತದೆ. ಅರ್ಕಾವತ್ತಿನದು ಇನ್ನೊಂದು ರಗಳೆ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲು ತಪ್ಪಿದರೆ ಸೂರ್ಯನಾರಾಯಣರು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಹೆಸರು ಸರಿಹೋದ ಮೇಲೆ ಜಾಗ ಸಾಲುವುದಿಲ್ಲ. ಯೂನಿಕೋಡನ್ನು ಕಂಪ್ಯೂಟರಿನಲ್ಲಿ ಶೇಖರಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಜಾಗ ಬೇಕು. ‘ಬೆಂಗಳೂರು’ ಎಂದರೆ ಸ್ವರಚಿಹ್ನೆ, ಸೊನ್ನೆ ಎಲ್ಲ ಸೇರಿ 8 ಸಂಕೇತ, 24 ಬೈಟ್. 20 ಬೈಟಿನ ಕಾಲಂನಲ್ಲಿ ನಮ್ಮ ಊರೇ ಹಿಡಿಸುವುದಿಲ್ಲ! ಒರಾಕಲ್ ಎಂಬ ಡೇಟಾಬೇಸ್ ತಂತ್ರಾಂಶ ದೋಷ ತೋರಿಸಿ ನಿಲ್ಲುತ್ತದೆ, ಅದು ಪುಣ್ಯ. ತಪ್ಪು ಕಂಡರೆ ತಡೆಯುವ ಕಟ್ಟುನಿಟ್ಟಿನ ಮೋಡ್ ತೆಗೆದ, ಅಂಥದೇ ಇನ್ನೊಂದು ತಂತ್ರಾಂಶವಾದ ಮೈಎಸ್‌ಕ್ಯೂಎಲ್ ಅಳತೆ ಮೀರಿದ್ದನ್ನು ಕತ್ತರಿಸಿ, ಯಾರೂ ಓದದ ಒಂದು ಎಚ್ಚರಿಕೆ ಬರೆದು ಮುಂದೆ ಹೋಗುತ್ತದೆ. ಎಣಿಕೆ ಆಗಲೂ ಸರಿಯೇ.

ಆ ಸಂಘದಲ್ಲಿ ನಮ್ಮ ಮಾನ ಉಳಿಸಿದವರು ನಿವೃತ್ತಿಯ ಅಂಚಿನಲ್ಲಿದ್ದ ಗುಮಾಸ್ತೆಯೊಬ್ಬರು. ‘ಷರಾ’ ಕಾಲಂ ಬೇಡವೆಂದು ನಾವು ಬಿಟ್ಟಿದ್ದೆವು. ‘ನಾಮಿನಿಯ ಹೆಸರಿಗೆ ಬೇರೆ ಜಾಗವಿರಲಿಲ್ಲ, ಅದನ್ನು ಅಲ್ಲೇ ಬರೆಯುತ್ತಿದ್ದೆವು’ ಎಂದರು ಅವರು. ಯಾವ ದಾಖಲೆಯಲ್ಲೂ ಈ ವಿಷಯ ಇರಲಿಲ್ಲ.

ಅಂದಿನಿಂದ ಸಹಿಗೆ ಮುಂಚೆ ಹಳೆಯ ಲೆಡ್ಜರಿನಿಂದ ಐವತ್ತು ಹೆಸರು ಆರಿಸಿ, ಹೊಸದರಲ್ಲಿ ಹುಡುಕಿಸಿ, ಮುದ್ರಿಸಿ ಅಂಥವರೊಬ್ಬರ ಮುಂದೆ ಇಡುತ್ತೇನೆ. ಇಷ್ಟೇ ಸಾಕೆಂದು ಹೇಳಲಾರೆ. ಹಣದ ವ್ಯವಹಾರವಿದ್ದರೆ ಖಾತೆವಾರು ಮೊತ್ತವನ್ನೂ ತಾಳೆ ನೋಡಲೇಬೇಕು. ಆ ಸಂಘದಲ್ಲಿ ಹಾಗೆ ಇಟ್ಟಾಗ ಆ ಗುಮಾಸ್ತೆ ಅಮ್ಮ ಕನ್ನಡಕ ಏರಿಸಿಕೊಂಡು ಮೊದಲ ಪುಟದಲ್ಲೇ ಬೆರಳಿಟ್ಟರು. ‘ಹೆಸರೇನೋ ಸರಿಯಾಗಿ ಬಂದಿದೆ ಸರ್. ಇವರು ತೀರಿಕೊಂಡು ಆರು ವರ್ಷವಾಯಿತು.’