ಪಿಟ್ಯುಟರಿ ಗಡ್ಡೆ ತೆಗೆಯುವ ಮೊದಲು ರಕ್ತನಾಳ ಯಾಕೆ ನೋಡಬೇಕು?

ವಿಜಯಪುರದ ಕಡೆಯವರಿಗೆ ಪಿಟ್ಯುಟರಿ ಗಡ್ಡೆ ಅಂತ ಗೊತ್ತಾದರೆ ಸೊಲ್ಲಾಪುರ, ಮಿರಜ್, ಬೆಳಗಾವಿ ಅಂತ ಓಡಾಟ ಶುರು. ಒಬ್ಬ ಡಾಕ್ಟರು ಮೂಗಿನಿಂದಲೇ ತೆಗೆಯೋಣ ಅಂತಾರೆ, ಇನ್ನೊಬ್ಬರು ಮೊದಲು ತಲೆಯ ಆಂಜಿಯೋ ಮಾಡಿಸಿ ಅಂತಾರೆ. ಆಂಜಿಯೋ ಹಾರ್ಟಿಗಲ್ವಾ ಅಂತ ಮನೆಯವರಿಗೆ ಗೊಂದಲ. ಆಂಜಿಯೋ ಅಂದರೆ ರಕ್ತನಾಳಗಳ ಚಿತ್ರ ತೆಗೆಯುವುದು, ಅದನ್ನು ತಲೆಗೂ ಮಾಡುತ್ತಾರೆ.

ಪಿಟ್ಯುಟರಿ ಅಂದರೆ ಮಿದುಳಿನ ಬುಡದಲ್ಲಿ ಕೂತು ಹಾರ್ಮೋನ್ ಬಿಡುವ ಗ್ರಂಥಿ. ಬಟಾಣಿ ಕಾಳಿನಷ್ಟಿರುವ ಈ ಗ್ರಂಥಿಯ ಎರಡೂ ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳಗಳಿವೆ. ನಾಳದ ಗೋಡೆ ಸಡಿಲವಾಗಿ ಉಬ್ಬಿದರೆ ಅದೇ ಅನ್ಯೂರಿಸಂ. ದೊಡ್ಡವರಲ್ಲಿ ನೂರಕ್ಕೆ ಸುಮಾರು 3 ಜನರಿಗೆ ಇದು ಇರುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಪಿಟ್ಯುಟರಿ ಗಡ್ಡೆ ಇದ್ದವರಲ್ಲಿ, ಅದರಲ್ಲೂ ಕೈಕಾಲು ದಪ್ಪವಾಗುವ ಅಕ್ರೋಮೆಗಲಿ ಇದ್ದವರಲ್ಲಿ, ಇನ್ನೂ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ.

ಈ ಗಡ್ಡೆ ತೆಗೆಯಲು 1907ರಲ್ಲಿ ಆಸ್ಟ್ರಿಯಾದ ಸರ್ಜನ್ ಹರ್ಮನ್ ಶ್ಲೋಫರ್ ಮೂಗಿನ ದಾರಿ ತೆರೆದರು, 1960ರ ದಶಕದಲ್ಲಿ ಕೆನಡಾದ ಸರ್ಜನ್ ಜೂಲ್ಸ್ ಹಾರ್ಡಿ ಮೈಕ್ರೋಸ್ಕೋಪ್ ತಂದರು, 1990ರ ದಶಕದಲ್ಲಿ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಬಂತು. ಕಣ್ಣಿಗೆ ಕಾಣುವುದು ಹೆಚ್ಚುತ್ತಾ ಹೋಯಿತು. ಆದರೆ ಆಪರೇಷನ್‌ಗೆ ಮೊದಲಿನ ತಪಾಸಣೆ ಬೇರೆಯೇ ದಾರಿ ಹಿಡಿಯಿತು.

1927ರಲ್ಲಿ ಪೋರ್ಚುಗಲ್‌ನ ಡಾಕ್ಟರು ಎಗಾಸ್ ಮೊನಿಜ್ ಕುತ್ತಿಗೆಯ ನಾಳಕ್ಕೆ ಔಷಧ ಚುಚ್ಚಿ ತಲೆಯೊಳಗಿನ ರಕ್ತನಾಳಗಳ ಎಕ್ಸ್‌ರೇ ತೆಗೆದರು. ಆಗ ಸಾದಾ ಎಕ್ಸ್‌ರೇಯಲ್ಲಿ ಗಡ್ಡೆ ಕಾಣುತ್ತಿರಲಿಲ್ಲ, ಗ್ರಂಥಿ ಕೂರುವ ಎಲುಬಿನ ಗುಳಿ ಅಗಲವಾಗಿದ್ದು ಮಾತ್ರ ಕಾಣುತ್ತಿತ್ತು. ಗುಳಿ ಅಗಲವಾಗಿದ್ದು ಗಡ್ಡೆಯಿಂದಲೋ ಉಬ್ಬಿದ ನಾಳದಿಂದಲೋ ತಿಳಿಯಲು ಆಂಜಿಯೋ ಬೇಕೇ ಬೇಕಿತ್ತು. ಆಮೇಲೆ 1970ರ ದಶಕದಲ್ಲಿ ಸಿಟಿ, 1980ರ ದಶಕದಲ್ಲಿ ಎಂಆರ್‌ಐ ಬಂದವು. ಗಡ್ಡೆ ಸ್ವಚ್ಛ ಕಾಣತೊಡಗಿತು. ನಳಿಕೆ ತೂರಿಸುವ ಆಂಜಿಯೋದಲ್ಲಿ ಸ್ವಲ್ಪ ಮಟ್ಟಿಗೆ ಪಾರ್ಶ್ವವಾಯುವಿನ ಅಪಾಯವೂ ಇತ್ತು, ಹಾಗಾಗಿ ಅದನ್ನು ಎಲ್ಲರಿಗೂ ಮಾಡುವುದು ನಿಂತಿತು. ಅದು ಸರಿಯೇ. ಆದರೆ ಅದರ ಜೊತೆಗೇ ನಾಳಗಳನ್ನು ಬೇರೆಯಾಗಿ ನೋಡುವ ರೂಢಿಯೂ ಎಷ್ಟೋ ಕಡೆ ಹೋಯಿತು, ನನಗೆ ಚಿಂತೆ ಇರುವುದು ಇಲ್ಲೇ. ಪಿಟ್ಯುಟರಿ ಎಂಆರ್‌ಐ ಗ್ರಂಥಿಯ ಸುತ್ತಲಿನ ಸಣ್ಣ ಜಾಗವನ್ನಷ್ಟೇ ತೆಳು ತೆಳು ಪದರಗಳ ಚಿತ್ರವಾಗಿ ತೋರಿಸುತ್ತದೆ. ಪುಟ್ಟ ಉಬ್ಬು ಅದರ ಆಚೆ ಇರಬಹುದು, ಇಲ್ಲವೇ ಒಳಗೆ ರಕ್ತ ಹೆಪ್ಪುಗಟ್ಟಿ ಗಡ್ಡೆಯ ಹಾಗೇ ಕಾಣಬಹುದು. ಮೂಗಿನ ಆ ಇಕ್ಕಟ್ಟಿನ ದಾರಿಯಲ್ಲಿ ಅದು ಒಡೆದರೆ ರಕ್ತ ನಿಲ್ಲಿಸುವುದು ಬಹಳ ಕಷ್ಟ.

ಈಗ ಅದೇ ಎಂಆರ್‌ಐ ಮಷೀನಿನಲ್ಲಿ, ಇಂಜೆಕ್ಷನ್ ಕೂಡ ಇಲ್ಲದೆ, ಕೆಲವೇ ನಿಮಿಷ ಹೆಚ್ಚಿಗೆ ಮಲಗಿದರೆ ಎಂಆರ್ ಆಂಜಿಯೋ ಮುಗಿಯುತ್ತದೆ. ಇಷ್ಟನ್ನು ಮನೆಯವರು ಬಾಯಿಬಿಟ್ಟು ಕೇಳಬೇಕು. ಉಬ್ಬು ಸಿಕ್ಕರೆ ಎಲ್ಲವನ್ನೂ ಮುಚ್ಚಬೇಕು ಅಂತಿಲ್ಲ, ಸಣ್ಣದಾದರೆ ಗಮನಿಸುತ್ತಾ ಇರಬಹುದು. ಆಪರೇಷನ್ ದಾರಿಯಲ್ಲೇ ಇದ್ದರೆ ಮೊದಲು ಉಬ್ಬಿನೊಳಗೆ ಕಾಯಿಲ್ (ತೆಳು ತಂತಿಯ ಸುರುಳಿ) ತುಂಬುತ್ತಾರೆ ಅಥವಾ ಅದರ ಬುಡಕ್ಕೆ ಕ್ಲಿಪ್ ಹಾಕುತ್ತಾರೆ. ನಾಳದೊಳಗೆ ಸ್ಟೆಂಟ್ (ಜಾಲರಿಯ ಕೊಳವೆ) ಕೂರಿಸಿದರೆ ರಕ್ತ ತೆಳುಮಾಡುವ ಗುಳಿಗೆ ತಿಂಗಳುಗಟ್ಟಲೆ ಬೇಕು, ಅಷ್ಟು ದಿನ ಗಡ್ಡೆಯ ಆಪರೇಷನ್ ಮುಂದಕ್ಕೆ ಹೋಗಬಹುದು. ಗಡ್ಡೆ ಒತ್ತಿ ದೃಷ್ಟಿ ಕಡಿಮೆಯಾಗುತ್ತಿದ್ದವರಿಗೆ ಅಷ್ಟು ಕಾಯಲು ಆಗುವುದಿಲ್ಲ, ಹಾಗಾಗಿ ಯಾವುದು ಮೊದಲು ಅನ್ನುವುದನ್ನು ಗಡ್ಡೆ ತೆಗೆಯುವವರು, ನಾಳ ನೋಡುವವರು ಇಬ್ಬರೂ ಡಾಕ್ಟರು ಕೂತು ಮಾತಾಡಿಯೇ ತೀರ್ಮಾನಿಸಬೇಕು.